ಪಿಸಿ ಆಟಗಳ ಡಿಜಿಟಲ್ ಮಳಿಗೆಗಳು: ತಪ್ಪು ತಿಳುವಳಿಕೆ ಬಿಟ್ಟು ಕೊಳ್ಳುವ ಬಗೆ

ಸ್ಟೀಮ್‌ನಂತಹ ಮಳಿಗೆಯಲ್ಲಿ ಹಣ ತೆತ್ತಾಗ ನಮಗೆ ಸಿಗುವುದು ಆಟದ ಒಡೆತನವಲ್ಲ, ಅದನ್ನು ನಮ್ಮ ಖಾತೆಯ ಮೂಲಕ ಆಡುವ ಪರವಾನಗಿ. ಆ ಖಾತೆಯನ್ನು ಮಾರುವಂತಿಲ್ಲ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಒಪ್ಪಂದದ ಪುಟಗಳಲ್ಲಿ ಹುದುಗಿದ್ದ ಈ ಮಾತನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2024ರ ಅಕ್ಟೋಬರ್‌ನಲ್ಲಿ ಸ್ಟೀಮ್‌ನ ಕಾರ್ಟ್ ಪುಟಕ್ಕೇ ತಂದಿತು. ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು ಅದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆನ್ನುವ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬರುವುದರಲ್ಲಿತ್ತು. ಪಿಸಿ ಆಟಗಾರರಲ್ಲಿ ಹಬ್ಬಿರುವ ತಪ್ಪು ತಿಳುವಳಿಕೆಗಳಲ್ಲಿ ಹೆಚ್ಚಿನವು ಈ ಸಂಗತಿಯನ್ನು ಅರ್ಧ ಮಾತ್ರ ತಿಳಿದುಕೊಂಡದ್ದರಿಂದ ಹುಟ್ಟಿದವು. ಪರವಾನಗಿಯ ಗಟ್ಟಿತನ ಆಟದಿಂದ ಆಟಕ್ಕೆ ಬದಲಾಗುತ್ತದೆ, ಮತ್ತು ಹಣ ಕಟ್ಟುವ ಮೊದಲೇ ಅದನ್ನು ಅಳೆಯಲು ಸಾಧ್ಯವಿದೆ.

ಮಳಿಗೆಯಿಂದ ತೆಗೆದ ಆಟ ನಮ್ಮ ಲೈಬ್ರರಿಯಿಂದಲೂ ಹೋಗುತ್ತದೆ ಎಂದು ಅನೇಕರು ಹೆದರುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಸಂಗೀತದ ಹಕ್ಕುಗಳ ಅವಧಿ ಮುಗಿದ ಕಾರಣ ‘ಅಲನ್ ವೇಕ್’ ಆಟವನ್ನು 2017ರ ಮೇ ತಿಂಗಳಲ್ಲಿ ಮಾರಾಟದಿಂದ ಹಿಂತೆಗೆಯಲಾಯಿತು. 2018ರಲ್ಲಿ ಅದು ಮರಳುವವರೆಗೂ ಮೊದಲೇ ಕೊಂಡಿದ್ದವರು ಡೌನ್‌ಲೋಡ್ ಮಾಡಿಕೊಂಡು ಆಡಬಹುದಿತ್ತು. ‘ರಾಕೆಟ್ ಲೀಗ್’ 2020ರಲ್ಲಿ ಸ್ಟೀಮ್‌ನ ಮಾರಾಟದಿಂದ ಮರೆಯಾದಾಗಲೂ ಹೀಗೆಯೇ ಆಯಿತು. ನಿಜವಾಗಿ ಹೆದರಬೇಕಾದದ್ದು ಸರ್ವರ್ ನಿಲ್ಲುವುದಕ್ಕೆ. ಪ್ರಕಾಶಕ ಕಂಪನಿ ಯೂಬಿಸಾಫ್ಟ್ ‘ದಿ ಕ್ರೂ’ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಯಲ್ಲಿ ಮುಚ್ಚಿದಾಗ, ಒಬ್ಬರೇ ಕುಳಿತು ಆಡುವ ಭಾಗವೂ ಸರ್ವರನ್ನೇ ನೆಚ್ಚಿದ್ದರಿಂದ, ಇಡೀ ಆಟವೇ ನಿಂತುಹೋಯಿತು. ಡಿಸ್ಕ್ ಕೊಂಡಿಟ್ಟುಕೊಂಡವರಿಗೂ ಅದರಿಂದ ಏನೂ ಉಳಿಯಲಿಲ್ಲ. ಆದ್ದರಿಂದ ಡಿಸ್ಕ್ ಇದ್ದರೆ ಭದ್ರ, ಡಿಜಿಟಲ್ ಆದರೆ ಅಭದ್ರ ಎಂಬ ಹಳೆಯ ವಿಂಗಡಣೆಯನ್ನು ಬಿಟ್ಟು, ಈ ಆಟ ಓಡಲು ಬೇರೆ ಯಾರ ಸರ್ವರ್ ಬೇಕು ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ.

ಇದಕ್ಕೆ ಉತ್ತರ ಸ್ಟೀಮ್‌ನಲ್ಲಿ ಆಟದ ಪುಟದ ಬಲಬದಿಯಲ್ಲೇ ಇರುತ್ತದೆ. ಆಟಕ್ಕೆ ಹೊರಗಿನ ಕಂಪನಿಯ ಡಿಆರ್‌ಎಂ (ಪರವಾನಗಿ ಇಲ್ಲದೆ ನಕಲು ಮಾಡಿ ಆಡುವುದನ್ನು ತಡೆಯುವ ತಂತ್ರಾಂಶ) ರಕ್ಷಣೆ ಇದೆಯೇ, ಪ್ರಕಾಶಕರದೇ ಇನ್ನೊಂದು ಖಾತೆ ತೆರೆಯಬೇಕೇ, ಹೆಚ್ಚುವರಿ ಒಪ್ಪಂದಕ್ಕೆ ಸಹಿ ಬೀಳುತ್ತದೆಯೇ ಎಂಬುದನ್ನು ಅಲ್ಲಿ ಬಣ್ಣದ ಪಟ್ಟಿಗಳಲ್ಲಿ ನಮೂದಿಸಿರುತ್ತಾರೆ. ಚಿತ್ರ, ಟ್ರೇಲರ್, ರಿಯಾಯಿತಿಯ ಶೇಕಡಾವಾರು ನೋಡುವ ಮೊದಲು ಆ ಪಟ್ಟಿಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಸ್ಟೀಮ್‌ನ ಎಲ್ಲ ಆಟಗಳಿಗೂ ಡಿಆರ್‌ಎಂ ಇರುತ್ತದೆ ಎಂಬುದೂ ನಿಜವಲ್ಲ. ಅದನ್ನು ಅಳವಡಿಸುವುದು ಪ್ರಕಾಶಕರ ಆಯ್ಕೆ. ಸ್ಟೀಮ್ ತೆರೆಯದೆಯೇ ಓಡುವ ಆಟಗಳ ಪಟ್ಟಿಯನ್ನು ಪಿಸಿ ಗೇಮಿಂಗ್ ವಿಕಿ ತಾಣದಲ್ಲಿ ಕಾಣಬಹುದು.

ಆಟದ ಪ್ರತಿಯನ್ನು ಕೈಯಲ್ಲೇ ಇಟ್ಟುಕೊಳ್ಳಬೇಕೆನ್ನುವವರು ಜಿಓಜಿ ಮಳಿಗೆಯನ್ನು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಆರಂಭಿಸಿದ ಈ ಮಳಿಗೆ ಡಿಆರ್‌ಎಂ ಇಲ್ಲದೆ ಆಟಗಳನ್ನು ಮಾರುತ್ತದೆ. ಖಾತೆಯ ಲೈಬ್ರರಿಯಲ್ಲಿ ಆಟವನ್ನು ತೆರೆದರೆ ಆಫ್‌ಲೈನ್ ಇನ್‌ಸ್ಟಾಲರ್‌ನ ಕೊಂಡಿಗಳು ಸಿಗುತ್ತವೆ. ಎಲ್ಲ ಕಡತಗಳನ್ನೂ ಇಳಿಸಿಕೊಂಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ, ಮುಂದೆ ಇಂಟರ್ನೆಟ್ ಇಲ್ಲದ ಗಣಕದಲ್ಲೂ ಇನ್‌ಸ್ಟಾಲ್ ಮಾಡಬಹುದು. ಸ್ಟೀಮ್‌ನಲ್ಲೂ ಬ್ಯಾಕಪ್ ಸೌಲಭ್ಯವಿದೆ, ಆದರೆ ಅದು ಡೌನ್‌ಲೋಡ್‌ನ ಸಮಯವನ್ನೂ ಡೇಟಾವನ್ನೂ ಉಳಿಸುತ್ತದೆಯೇ ಹೊರತು ಖಾತೆಯ ಅಗತ್ಯವನ್ನು ತಪ್ಪಿಸುವುದಿಲ್ಲ. ವಿಂಡೋಸ್ ಮರುಸ್ಥಾಪಿಸಿದರೆ ಆಟವನ್ನು ಮತ್ತೆ ಕೊಳ್ಳಬೇಕೆಂದು ಭಾವಿಸುವ ಹೊಸಬರಿಗೆ ಇಷ್ಟು ಸಾಕು: ಪರವಾನಗಿ ಇರುವುದು ಖಾತೆಯಲ್ಲಿ, ಗಣಕದಲ್ಲಲ್ಲ.

ವಿದ್ಯುತ್ ಮತ್ತು ಇಂಟರ್ನೆಟ್ ಕೈಕೊಡುವ ಊರುಗಳಲ್ಲಿರುವವರು ಸ್ಟೀಮ್‌ನ ಆಫ್‌ಲೈನ್ ಮೋಡ್ ಕೆಲಸ ಮಾಡುವುದಿಲ್ಲವೆಂದು ದೂರುವುದುಂಟು. ಪೂರ್ವಸಿದ್ಧತೆ ಇಲ್ಲದಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಸಂಪರ್ಕ ಇರುವಾಗಲೇ ಲಾಗಿನ್ ವಿವರ ನೆನಪಿಡುವ ಆಯ್ಕೆಯನ್ನು ಒತ್ತಿ, ಅಪ್‌ಡೇಟ್‌ಗಳನ್ನು ಮುಗಿಸಿ, ಆಟವನ್ನು ಒಮ್ಮೆ ತೆರೆದು ಮುಚ್ಚಿ, ಆಮೇಲೆ ಆಫ್‌ಲೈನ್‌ಗೆ ಹೋಗಬೇಕು.

ರೀಫಂಡ್ ವಿಷಯದಲ್ಲಿರುವಷ್ಟು ಗೊಂದಲ ಬೇರೆಲ್ಲೂ ಇಲ್ಲ. ಸ್ಟೀಮ್ 2015ರ ಜೂನ್‌ನಲ್ಲಿ ಜಾರಿಗೆ ತಂದ ನಿಯಮದಂತೆ, ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಯಾವ ಕಾರಣ ಹೇಳಿಯಾದರೂ ಹಣ ಹಿಂದಿರುಗಿಸುವಂತೆ ಕೇಳಬಹುದು. ಎರಡು ಷರತ್ತುಗಳೂ ಒಟ್ಟಿಗೆ ಪೂರೈಸಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಆಟ ತೆರೆದು ಮೆನುವಿನಲ್ಲಿ ಬಿಟ್ಟು ಊಟಕ್ಕೆ ಹೋದರೆ ಆ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಬಿಡುಗಡೆಗೆ ಮುನ್ನ ಹಣ ಕಟ್ಟಿ ಕಾಯ್ದಿರಿಸಿದ ಆಟಕ್ಕೆ 14 ದಿನಗಳ ಎಣಿಕೆ ಆರಂಭವಾಗುವುದು ಬಿಡುಗಡೆಯ ದಿನದಿಂದ. ಆದರೆ ದುಬಾರಿ ಆವೃತ್ತಿಯವರಿಗೆ ಮುಂಚಿತವಾಗಿ ಆಡಲು ಕೊಡುವ ಅವಧಿಯಲ್ಲಿ ಆಡಿದ ಸಮಯವನ್ನು 2024ರಿಂದ 2 ಗಂಟೆಯ ಲೆಕ್ಕಕ್ಕೆ ಸೇರಿಸಲಾಗುತ್ತಿದೆ. ಕೊಂಡ ಮರುದಿನವೇ ಬೆಲೆ ಇಳಿದರೆ, ಹಣ ವಾಪಸು ಪಡೆದು ಇಳಿದ ಬೆಲೆಗೆ ಅದನ್ನೇ ಮತ್ತೆ ಕೊಳ್ಳುವುದು ದುರುಪಯೋಗವಲ್ಲ ಎಂದು ವಾಲ್ವ್ ತನ್ನ ನಿಯಮದಲ್ಲೇ ಬರೆದಿದೆ, ಸಂಕೋಚಪಡಬೇಕಾಗಿಲ್ಲ. ಎಪಿಕ್ ಗೇಮ್ಸ್ ಸ್ಟೋರ್‌ನಲ್ಲೂ ಇದೇ 14 ದಿನ ಮತ್ತು 2 ಗಂಟೆಯ ಮಿತಿಯಿದೆ, ಆದರೆ ರೀಫಂಡ್ ಇಲ್ಲವೆಂದು ನಮೂದಿಸಿದ ಸರಕುಗಳಿಗೆ ಅದು ಅನ್ವಯಿಸದು. ಜಿಓಜಿ 2020ರಿಂದ 30 ದಿನಗಳ ಅವಕಾಶ ಕೊಡುತ್ತಿದ್ದು, ಆಟವನ್ನು ಇಳಿಸಿಕೊಂಡು ಆಡಿದವರಿಗೂ ಅದು ಲಭ್ಯವಿದೆ.

ಸ್ಟೀಮ್‌ನ ಹೊರಗೆ ಕೊಂಡ ಕೀಗಳಿಗೆ, ಅಂದರೆ ಖಾತೆಯಲ್ಲಿ ನಮೂದಿಸಿ ಆಟವನ್ನು ಪಡೆಯುವ ಕೋಡ್‌ಗಳಿಗೆ, ಸ್ಟೀಮ್ ಹಣ ಮರಳಿಸುವುದಿಲ್ಲ. ಕೀ ಮಾರುವ ತಾಣಗಳೆಲ್ಲವೂ ಒಂದೇ ಬಗೆಯವೂ ಅಲ್ಲ: ಹಂಬಲ್ ಬಂಡಲ್, ಫೆನಾಟಿಕಲ್‌ನಂತಹವು ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡ ಅಧಿಕೃತ ಮಳಿಗೆಗಳು, ಯಾರು ಬೇಕಾದರೂ ಕೀ ಮಾರಬಹುದಾದ ಮರುಮಾರಾಟದ ಸಂತೆಗಳು ಬೇರೆಯೇ. ಕದ್ದ ಕಾರ್ಡಿನಿಂದ ಕೊಂಡ ಕೀ ಅಂಥಲ್ಲಿ ಅಗ್ಗವಾಗಿ ನಮ್ಮ ಕೈಸೇರಿ, ಆಮೇಲೆ ರದ್ದಾಗಬಹುದು. 2015ರ ಜನವರಿಯಲ್ಲಿ ಯೂಬಿಸಾಫ್ಟ್ ಮೋಸದಿಂದ ಪಡೆದವೆಂದು ಹೇಳಿ ಹಲವು ಕೀಗಳನ್ನು ರದ್ದುಮಾಡಿದಾಗ ಹಣ ಕೊಟ್ಟವರೇ ಪೇಚಿಗೆ ಸಿಲುಕಿದರು.

ಎಪಿಕ್ ಪ್ರತಿ ವಾರ ಉಚಿತವಾಗಿ ಕೊಡುವ ಆಟಗಳು ಪ್ರಯೋಗದ ಆವೃತ್ತಿಗಳಲ್ಲ. ಆ ವಾರದೊಳಗೆ ಪಡೆದುಕೊಂಡರೆ ಖಾತೆಯಲ್ಲಿ ಉಳಿಯುತ್ತವೆ. ಮೈಕ್ರೋಸಾಫ್ಟ್‌ನ ಪಿಸಿ ಗೇಮ್ ಪಾಸ್ ಹಾಗಲ್ಲ: ಚಂದಾ ನಿಂತರೆ ಅಥವಾ ಆಟ ಪಟ್ಟಿಯಿಂದ ಹೊರಬಿದ್ದರೆ ಆಡಲು ಬೇರೆಯಾಗಿ ಕೊಳ್ಳಬೇಕು.

ಸ್ಟೀಮ್‌ನಲ್ಲಿ 2015ರ ನವೆಂಬರ್‌ನಿಂದ ರೂಪಾಯಿ ಬೆಲೆ ಇದೆ. ವಿಪಿಎನ್ ಮೂಲಕ ಅಗ್ಗದ ದೇಶದವರಂತೆ ತೋರಿಸಿಕೊಂಡು ಕೊಳ್ಳುವುದು ಒಪ್ಪಂದದ ಉಲ್ಲಂಘನೆ, ಖಾತೆಗೇ ಕುತ್ತು. ಬೆಂಗಳೂರಿನಿಂದ ಜರ್ಮನಿಗೋ ಅಮೆರಿಕಕ್ಕೋ ಕೆಲಸದ ಮೇಲೆ ಹೋಗಿ ನೆಲೆಸುವವರು ಆ ದೇಶದ ಪಾವತಿ ವಿಧಾನ ಬಳಸಿ ದೇಶವನ್ನು ಬದಲಿಸಿಕೊಂಡರಾಯಿತು; ಕೊಂಡ ಆಟಗಳು ಜೊತೆಗೇ ಬರುತ್ತವೆ. ಸ್ಟೀಮ್ ಫ್ಯಾಮಿಲಿಯಲ್ಲಿ ಒಂದೇ ಮನೆಯ 6 ಮಂದಿ ಲೈಬ್ರರಿ ಹಂಚಿಕೊಳ್ಳಬಹುದು, ಆದರೆ ನಿಮ್ಮ ಪ್ರತಿಯನ್ನು ಆಡುತ್ತಾ ಬೇರೊಬ್ಬರು ಮೋಸ ಮಾಡಿ ಸಿಕ್ಕಿಬಿದ್ದರೆ ಆ ಆಟದಲ್ಲಿ ನಿಮಗೂ ನಿಷೇಧ ಬೀಳುತ್ತದೆ. ಆದ್ದರಿಂದ ಗೆಳೆಯರ ಬಳಗವನ್ನೆಲ್ಲ ಕುಟುಂಬವೆಂದು ಸೇರಿಸಿಕೊಳ್ಳುವುದು ತರವಲ್ಲ.

ಇಷ್ಟೆಲ್ಲ ಪರವಾನಗಿಗಳು ಒಂದೇ ಖಾತೆಯಲ್ಲಿ ಇರುವುದರಿಂದ, ಮೊದಲ ಆಟ ಕೊಳ್ಳುವ ದಿನವೇ ಮೊಬೈಲ್‌ನಲ್ಲಿ ಸ್ಟೀಮ್ ಗಾರ್ಡ್ ಎಂಬ ಎರಡನೇ ಹಂತದ ಲಾಗಿನ್ ರಕ್ಷಣೆ ಸಿದ್ಧಪಡಿಸಿ, ಅದು ಕೊಡುವ ಮರುಪಡೆಯುವ ಕೋಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಖರೀದಿಯ ರಸೀದಿಗಳಿರುವ ಇಮೇಲ್‌ಗೂ ಎರಡು ಹಂತದ ದೃಢೀಕರಣ ಹಾಕಿ, ಆ ಇಮೇಲ್‌ಗಳನ್ನು ಅಳಿಸದೆ ಉಳಿಸಿಕೊಳ್ಳಿ.