ಕೋಳಿ, ಅನ್ನ ಮತ್ತು ಅರ್ಧ ಚಮಚ ಮೊಟ್ಟೆಚಿಪ್ಪಿನ ಪುಡಿ

ಬೆಂಗಳೂರಿನಲ್ಲಿ ನಾಯಿಗೆ ಮನೆ ಅಡುಗೆ ಅಂದರೆ ಸಾಮಾನ್ಯವಾಗಿ ಮೂರೇ ಬಗೆ. ಮೊಸರನ್ನ, ಇಲ್ಲವೇ ರಾಗಿ ಗಂಜಿ, ಇಲ್ಲವೇ ಕೋಳಿ ಅಂಗಡಿಯಿಂದ ತಂದ ಕಾಲು-ಕತ್ತು ಬೇಯಿಸಿ ಕಲಸಿದ ಅನ್ನ. ಹೊಟ್ಟೆ ಮೂರರಲ್ಲೂ ತುಂಬುತ್ತೆ. ಆದರೆ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಊಟದಲ್ಲಿ ಸಿಗದ ಕ್ಯಾಲ್ಸಿಯಮ್ಮನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತೆ. ದೊಡ್ಡ ನಾಯಿಯಲ್ಲಿ ಇದು ವರ್ಷಗಟ್ಟಲೆ ಕಾಣಿಸುವುದಿಲ್ಲ. ಮರಿಯಲ್ಲಿ ಕೆಲವೇ ವಾರಕ್ಕೆ ಮುಂಗಾಲು ಬಿಲ್ಲಿನಂತೆ ಬಾಗುತ್ತೆ.

ರಾಗಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ ಅಂತ ಕೇಳುವವರಿದ್ದಾರೆ. ನಿಜ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಅದೇ ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಆ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತೆ. ಪೂರ್ತಿ ದಕ್ಕಿದರೂ 15 ಕೆಜಿ ನಾಯಿಗೆ ದಿನಕ್ಕೆ 300 ಗ್ರಾಂ ಹಿಟ್ಟು ಬೇಕಾಗುತ್ತೆ. ಅಷ್ಟು ತಿಂದ ಮೇಲೆ ಬೇರೇನೂ ತಿನ್ನಲು ಹೊಟ್ಟೆಯಲ್ಲಿ ಜಾಗ ಉಳಿಯಲ್ಲ. ರಾಗಿ ಒಳ್ಳೆಯ ಧಾನ್ಯ, ಅಷ್ಟೇ. ಅದನ್ನು ಔಷಧಿ ಮಾಡಬೇಡಿ.

2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಬೀದಿನಾಯಿಗಳಿಗೆ ಊಟ ಹಾಕುವ ಯೋಜನೆ ಪ್ರಕಟಿಸಿದಾಗ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ ಅನ್ನುವ ಲೆಕ್ಕ ಊರೆಲ್ಲ ಚರ್ಚೆಯಾಯಿತು. 15 ಕೆಜಿ ನಾಯಿಗೆ 750 ಕ್ಯಾಲೊರಿ, ಶಕ್ತಿಯ ಲೆಕ್ಕ ಸರಿಯಾಗಿಯೇ ಇದೆ. ಆದರೆ ಮನೆಯ ನಾಯಿಗೆ ಅದನ್ನೇ ವರ್ಷಾನುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು?

ಕೆಳಗಿನ ಅಳತೆ ಆರೋಗ್ಯವಾಗಿರುವ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ, 15 ಕೆಜಿ ತೂಕದ ವಯಸ್ಕ ನಾಯಿಗೆ. ನಮ್ಮ ಬೀದಿಯ ನಾಟಿ ನಾಯಿಗಳು ಹೆಚ್ಚುಕಡಿಮೆ ಇದೇ ತೂಕ. ದಿನಕ್ಕೆ ಸುಮಾರು 800 ಕ್ಯಾಲೊರಿ ಬರುತ್ತೆ. ತೂಕವೆಲ್ಲ ಬೇಯಿಸುವ ಮುಂಚಿನದು:

ಚರ್ಮ, ಮೂಳೆ ತೆಗೆದ ಕೋಳಿ 250 ಗ್ರಾಂ
ಕೋಳಿ ಲಿವರ್ 15 ಗ್ರಾಂ
ಅಕ್ಕಿ 60 ಗ್ರಾಂ, ರಾಗಿ ಹಿಟ್ಟು 30 ಗ್ರಾಂ
ಸಿಹಿಗುಂಬಳ, ಕ್ಯಾರೆಟ್, ಹುರುಳಿಕಾಯಿ, ಸೀಮೆಬದನೆ ಯಾವುದಾದರೂ ಸೇರಿ 80 ಗ್ರಾಂ
ಬೇಯಿಸಿದ ಮೊಟ್ಟೆ 1
ಸೂರ್ಯಕಾಂತಿ ಎಣ್ಣೆ 1 ಟೀ ಚಮಚ
ಮೊಟ್ಟೆಚಿಪ್ಪಿನ ನುಣ್ಣನೆ ಪುಡಿ ಅರ್ಧ ಟೀ ಚಮಚ, ಅಂದರೆ ಸುಮಾರು 2.5 ಗ್ರಾಂ

ಪಾವು, ಲೋಟದ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಮನೆಯ ಪಾವಿನಂತೆ ಇನ್ನೊಂದು ಮನೆಯದಿರಲ್ಲ. ಅಡುಗೆಮನೆಯ ತಕ್ಕಡಿ ಒಂದನ್ನು ಕೊಂಡುಬಿಡಿ. ನಾಯಿಯ ತೂಕ ದುಪ್ಪಟ್ಟಾದರೆ ಊಟವೂ ದುಪ್ಪಟ್ಟಾಗುವುದಿಲ್ಲ ಅನ್ನುವುದೂ ನೆನಪಿರಲಿ. 10 ಕೆಜಿ ನಾಯಿಗೆ ಮೇಲಿನದರ ಮುಕ್ಕಾಲು ಪಾಲು, 25 ಕೆಜಿಯದಕ್ಕೆ ಒಂದೂವರೆ ಪಾಲು ಸಾಕು.

ಈಗ ಕ್ಯಾಲ್ಸಿಯಂ ಕೊಡುವ ಚಿಪ್ಪಿನ ಪುಡಿ. ಮೊಟ್ಟೆ ಒಡೆದ ತಕ್ಷಣ ಚಿಪ್ಪು ತೊಳೆದು ಒಂದು ಡಬ್ಬಿಯಲ್ಲಿ ಕೂಡಿಡಿ. ಒಳಗಿನ ಪೊರೆ ಕೀಳುತ್ತ ಕೂರಬೇಕಿಲ್ಲ. ಹತ್ತು-ಹನ್ನೆರಡಾದ ಮೇಲೆ ನೀರಿಗೆ ಹಾಕಿ ಹತ್ತು ನಿಮಿಷ ಕುದಿಸಿ, ಬಸಿದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ದಪ್ಪ ತವೆಯ ಮೇಲೆ ಸಣ್ಣ ಉರಿಯಲ್ಲಿ ಹುರಿಯಿರಿ. ಬೆರಳಲ್ಲಿ ಒತ್ತಿದರೆ ಚಿಪ್ಪು ಬಾಗದೆ ಟಕ್ ಅಂತ ಮುರಿಯಬೇಕು. ಬಾಗಿದರೆ ಒಳಗಿನ್ನೂ ತೇವ ಇದೆ, ಪುಡಿ ಡಬ್ಬಿಯಲ್ಲೇ ಮುಗ್ಗುಲು ಹಿಡಿಯುತ್ತೆ. ಪೂರ್ತಿ ಆರಿದ ಮೇಲೆ ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ ತಿರುವಿ, ಜರಡಿ ಹಿಡಿಯಿರಿ. ಬೆರಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತಿರಬೇಕು. ರವೆಯಂತಿದ್ದರೆ ಮತ್ತೆ ತಿರುವಿ, ತರಿ ಉಳಿದಷ್ಟೂ ಮೈಗೆ ಹತ್ತುವುದು ಕಡಿಮೆ. ಒಂದು ಮೊಟ್ಟೆಯ ಚಿಪ್ಪು ಐದಾರು ಗ್ರಾಂ ತೂಗುತ್ತೆ, ಅದರಲ್ಲಿ 2 ಗ್ರಾಂನಷ್ಟು ಕ್ಯಾಲ್ಸಿಯಂ. ಹನ್ನೆರಡು ಚಿಪ್ಪಿನ ಪುಡಿ ಒಂದು ನಾಯಿಗೆ ಮೂರು ವಾರ ದಾಟಿಸುತ್ತೆ. ಮನೆಯಲ್ಲಿ ಅಷ್ಟು ಮೊಟ್ಟೆ ಖರ್ಚಾಗದಿದ್ದರೆ ಸಂಜೆ ಹೊತ್ತು ಎಗ್ ರೈಸ್ ಗಾಡಿಯವರನ್ನು ಕೇಳಿ ನೋಡಿ, ಅವರು ಹೇಗಿದ್ದರೂ ಬಿಸಾಡುವುದೇ. ಆಗಂತೂ ಕುದಿಸುವುದನ್ನು ಬಿಡುವ ಹಾಗೇ ಇಲ್ಲ.

ನಾಲ್ಕು ದಿನದ್ದನ್ನು ಒಟ್ಟಿಗೆ ಮಾಡಿದರೆ ಗ್ಯಾಸೂ ಉಳಿಯುತ್ತೆ, ಕೆಲಸವೂ ಉಳಿಯುತ್ತೆ. ಒಂದು ಕೆಜಿ ಮಾಂಸ ಸಿಗಲು ಮೂಳೆ ಸಮೇತ ಒಂದೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ಕೊಳ್ಳಬೇಕು. ಮುಳುಗುವಷ್ಟು ನೀರು ಹಾಕಿ, ಉಪ್ಪು ಖಾರ ಏನೂ ಇಲ್ಲದೆ ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ. ಆರಿದ ಮೇಲೆ ಕೈಯಿಂದಲೇ ಮೂಳೆ ಬಿಡಿಸಿ, ಬೆರಳಿಗೆ ಸಿಗುವ ಚೂರು ಕಣ್ಣಿಗೆ ಬೀಳುವುದಿಲ್ಲ. ಬೆಂದ ಮೂಳೆ ಚೂಪಾಗಿ ಸೀಳುತ್ತೆ, ಗಂಟಲಲ್ಲೂ ಕರುಳಲ್ಲೂ ಚುಚ್ಚುತ್ತೆ, ಅದನ್ನು ನಾಯಿಗೂ ಹಾಕಬೇಡಿ, ಬೀದಿಗೂ ಎಸೆಯಬೇಡಿ. ಉಳಿದ ಸಾರಿನ ಅರ್ಧದಲ್ಲಿ 240 ಗ್ರಾಂ ಅಕ್ಕಿ, ಹೆಚ್ಚಿದ ತರಕಾರಿ, 60 ಗ್ರಾಂ ಲಿವರ್ ಹಾಕಿ ಮೆತ್ತಗೆ ಬೇಯಿಸಿ, ಬೇಕಾದರೆ ನೀರು ಸೇರಿಸಿಕೊಳ್ಳಿ. ಇನ್ನರ್ಧ ಸಾರು ಬೇರೆ ಪಾತ್ರೆಯಲ್ಲಿ ಕುದಿಯಲಿ. 120 ಗ್ರಾಂ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ ಅದಕ್ಕೆ ಹೊಯ್ದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಬಿಡದೆ ತಿರುವಿ. ಹಸಿವಾಸನೆ ಹೋಗುವವರೆಗೆ ಇಳಿಸಬೇಡಿ. ಮನೆ ಅಡುಗೆ ಶುರುಮಾಡಿದ ಮೇಲೆ ಭೇದಿ ಆಯಿತು ಅನ್ನುವ ದೂರಿಗೆ ಅರೆಬೆಂದ ಹಿಟ್ಟೂ ಕಾರಣ ಇರಬಹುದು. ಎಲ್ಲವನ್ನೂ ಕಲಸಿ, ನಾಲ್ಕು ಚಮಚ ಎಣ್ಣೆ ಸೇರಿಸಿ, ಒಟ್ಟು ತೂಗಿ ಎಂಟು ಪಾಲು ಮಾಡಿ. ದಿನಕ್ಕೆರಡು ಪಾಲು. ಚಿಪ್ಪಿನ ಪುಡಿಯನ್ನು ಮಾತ್ರ ಪಾತ್ರೆಗೆ ಹಾಕದೆ, ಬಡಿಸುವಾಗ ಹೊತ್ತಿಗೆ ಕಾಲು ಚಮಚದಂತೆ ಉದುರಿಸಿ ಕಲಸಿ. ಇಲ್ಲದಿದ್ದರೆ ತಳದಲ್ಲಿ ಕೂತು ಕೊನೆಯ ಪಾಲಿಗೇ ಎಲ್ಲ ಹೋಗುತ್ತೆ. ದಿನದ ಒಂದು ಮೊಟ್ಟೆಯನ್ನೂ ಆಗಲೇ ಕಿವುಚಿ ಹಾಕಿ.

ದುಡ್ಡು ಉಳಿಯುವುದು ಕೋಳಿ ಅಂಗಡಿಯಲ್ಲಿ. ಬೋನ್‌ಲೆಸ್ ಕೇಳಲೇಬೇಡಿ. ಅರ್ಧ ಮಾಂಸ, ಅರ್ಧ ಗಿಜರ್ಡ್ (ಕೋಳಿಯ ಜಠರ) ತಂದರೆ ಬಿಲ್ಲು ಇಳಿಯುತ್ತೆ, ಪ್ರೋಟೀನ್ ಇಳಿಯಲ್ಲ. ಚರ್ಮ ಸಮೇತ ಅಗ್ಗವಾಗಿ ಸಿಕ್ಕರೆ ದಿನದ ಮಾಂಸವನ್ನು 200 ಗ್ರಾಂಗೆ ಇಳಿಸಿ, ಎಣ್ಣೆ ಕೈಬಿಡಿ. ಕಾಲು-ಕತ್ತು ಅಗ್ಗ ಅನಿಸುತ್ತೆ, ಆದರೆ ಮೂಳೆ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಎಷ್ಟು ಅಂತ ಒಮ್ಮೆ ತೂಗಿ ನೋಡಿ. ಲಿವರ್ ಅಗ್ಗ ಅಂತ ಹೆಚ್ಚು ಹಾಕುವುದು ದೊಡ್ಡ ತಪ್ಪು. ಅದರಲ್ಲಿ ವಿಟಮಿನ್ ಎ ಎಷ್ಟಿದೆ ಅಂದರೆ ದಿನವೂ ಹೆಚ್ಚಾದರೆ ಕೀಲು ಮೂಳೆಗಳೇ ಕೆಡುತ್ತವೆ. ಶ್ರಾವಣದಲ್ಲಿ ಬೆಲೆ ಇಳಿದಾಗ ಫ್ರೀಜರಿನಲ್ಲಿ ಜಾಗ ಮಾಡಿಕೊಳ್ಳಿ, ಹೊಸತೊಡಕಿನ ದಿನ ಅಂಗಡಿಯ ಕಡೆ ತಲೆ ಹಾಕಬೇಡಿ.

ಮಾಂಸ ತರದ ಮನೆಯಾದರೆ ಕೋಳಿ, ಲಿವರ್, ಎಣ್ಣೆಯ ಬದಲು ದಿನಕ್ಕೆ ಒಟ್ಟು 4 ಬೇಯಿಸಿದ ಮೊಟ್ಟೆ, 40 ಗ್ರಾಂ ತೊಗರಿಬೇಳೆ, 150 ಗ್ರಾಂ ಮೊಸರು. ಉಳಿದದ್ದೆಲ್ಲ ಹಾಗೇ, ಚಿಪ್ಪಿನ ಪುಡಿಯೂ. ಮನೆಯ ಸಾರಿಗೆ ಬೇಯಿಸುವ ಬೇಳೆಯಿಂದಲೇ, ಹುಳಿಪುಡಿ, ಈರುಳ್ಳಿ, ಒಗ್ಗರಣೆ ಬೀಳುವ ಮುಂಚೆ ನಾಯಿಯ ಪಾಲು ತೆಗೆದಿಡಿ. ಮೊಟ್ಟೆಯೂ ಬೇಡ ಅಂದರೆ ಈ ಅಳತೆ ಕೆಲಸಕ್ಕೆ ಬರಲ್ಲ, ವೈದ್ಯರಿಂದಲೇ ಪಟ್ಟಿ ಹಾಕಿಸಿಕೊಳ್ಳಬೇಕು.

ಇಷ್ಟು ಮಾಡಿದರೂ ಸತು, ಅಯೋಡಿನ್, ವಿಟಮಿನ್ ಇ, ವಿಟಮಿನ್ ಡಿ ಕಡಿಮೆ ಬೀಳುತ್ತವೆ. ಮೇಲಿನ ಊಟದಲ್ಲಿ ಸಿಗುವ ಸತು ಬೇಕಾದುದರ ಅರ್ಧದ ಆಸುಪಾಸು. ಅಯೋಡಿನ್‌ಗೆ ಅಯೋಡಿನ್ ಉಪ್ಪು ಹಾಕಿದರಾಯಿತಲ್ಲ ಅನ್ನಬಹುದು, ಆದರೆ ಅಂಗಡಿಯ ಉಪ್ಪಿನ ಕನಿಷ್ಠ ಪ್ರಮಾಣ ಗ್ರಾಂಗೆ 15 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ದಿನಕ್ಕೆ 12 ಗ್ರಾಂ ಉಪ್ಪು ತಿನ್ನಿಸಬೇಕಾಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ನಾಯಿಯೂಟದ 200 ಪಾಕವಿಧಾನ ಪರೀಕ್ಷಿಸಿದಾಗ 95 ಶೇಕಡಾದಲ್ಲಿ ಒಂದಾದರೂ ಅವಶ್ಯ ಪೋಷಕಾಂಶ ಕೊರತೆಯಿತ್ತು. ಹಾಗಾಗಿ ಈ ಅಳತೆಯ ಚೀಟಿ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ನಿಮ್ಮ ವೈದ್ಯರ ಬಳಿಗೋ ಹೋಗಿ, ಮನೆ ಅಡುಗೆಗೆ ಬೆರೆಸುವ ವಿಟಮಿನ್-ಖನಿಜ ಪುಡಿ ಬರೆಸಿಕೊಳ್ಳಿ. ಮೈಕೂದಲಿಗೆ ಹೊಳಪು ಕೊಡುವ ಸಿರಪ್ಪು ಬೇರೆ, ಇದು ಬೇರೆ. ಆ ಪುಡಿಯಲ್ಲೇ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ನಿಲ್ಲಿಸಿ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆ ಬೇಡ, ಅದರಲ್ಲಿ ಬೆರೆಸಿರುವ ಡಿ3 ನಾಯಿಗೆ ಹೆಚ್ಚಾಗಬಹುದು.

ಮರಿಗಳಿಗೆ, ಅದರಲ್ಲೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳಿಗೆ ಈ ಊಟ ಹಾಕಬೇಡಿ. ಅವುಗಳಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ಬೆಳವಣಿಗೆ ಮುಗಿಯುವವರೆಗೆ ಮರಿಗಳ ಪ್ಯಾಕೆಟ್ ಆಹಾರವೇ ಲೇಸು. ಗಬ್ಬದ ನಾಯಿ, ಕಿಡ್ನಿ ತೊಂದರೆಯ ನಾಯಿಗೂ ಲೆಕ್ಕ ಬೇರೆ.

ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ವಿಷವೇ, ರಕ್ತದ ಕೆಂಪುಕಣ ಒಡೆಯುತ್ತವೆ. ಉಳಿದ ಸಾಂಬಾರು, ಬಿರಿಯಾನಿ, ಕಬಾಬು ಇದೇ ಕಾರಣಕ್ಕೆ ಬೇಡ. ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತೆ, ಒಣದ್ರಾಕ್ಷಿ ಇನ್ನೂ ಅಪಾಯ. ಕೇಸರಿಬಾತಿನಲ್ಲೂ ಪಾಯಸದಲ್ಲೂ ಅದು ಅಡಗಿ ಕೂತಿರುತ್ತೆ. ಚಾಕೊಲೇಟು, ಜೈಲಿಟಾಲ್ ಅನ್ನುವ ಸಿಹಿಕಾರಕ ಇರುವ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಕೂಡ ನಾಯಿಗೆ ವಿಷ. ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯದೆ, ಎಷ್ಟು ತಿಂದಿತು, ಯಾವಾಗ ಅಂತ ಬರೆದುಕೊಂಡು ಹೊರಡಿ.

ಹೊಸ ಊಟಕ್ಕೆ ಒಮ್ಮೆಲೇ ಬದಲಿಸಬೇಡಿ. ಹಳೆಯದರಲ್ಲಿ ಕಾಲು ಭಾಗ ಇದನ್ನು ಬೆರೆಸಿ, ಎರಡು-ಮೂರು ದಿನಕ್ಕೊಮ್ಮೆ ಹೆಚ್ಚಿಸುತ್ತ ವಾರ-ಹತ್ತು ದಿನದಲ್ಲಿ ಪೂರ್ತಿ ಮಾಡಿ. ಫ್ರಿಜ್ಜಿನಲ್ಲಿ ಮೂರು ದಿನ, ನಾಲ್ಕನೆಯದು ಫ್ರೀಜರಿಗೆ. ಮಧ್ಯಾಹ್ನವೆಲ್ಲ ಕರೆಂಟು ಹೋಗಿ ಡಬ್ಬಿ ಬೆಚ್ಚಗಾಗಿದ್ದರೆ ಮೂಸಿ ನೋಡಿ ತೀರ್ಮಾನಿಸಬೇಡಿ, ಚೆಲ್ಲಿಬಿಡಿ, ಅನ್ನ ವಾಸನೆ ಬರುವ ಮುಂಚೆಯೇ ಕೆಟ್ಟಿರುತ್ತೆ. ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪಕ್ಕೆಯ ಮೇಲೆ ಅಂಗೈ ಹಗುರವಾಗಿ ಸವರಿ. ಒತ್ತದೆ ಪಕ್ಕೆಲುಬು ಎಣಿಸಲು ಸಿಕ್ಕರೆ ಊಟ ಸರಿ ಇದೆ, ಒತ್ತಿ ಹುಡುಕಬೇಕಾದರೆ ಹತ್ತನೇ ಒಂದು ಪಾಲು ಇಳಿಸಿ, ದೂರದಿಂದಲೇ ಕಣ್ಣಿಗೆ ಎದ್ದು ಕಂಡರೆ ಅಷ್ಟೇ ಏರಿಸಿ.