ಪ್ರಾರ್ಥನೆಯ ಉತ್ತರವನ್ನು ಗುರುತಿಸುವ ಬಗೆ: ಕಾರವಾರ, ಶಿರಸಿ ಕಡೆಗೆ ಬರುವ ಯುವ ಮಿಷನರಿಗಳಿಗೆ

ಸೇವೆಗೆ ಬಂದ ಮೊದಲ ತಿಂಗಳುಗಳಲ್ಲಿ ಯುವ ಮಿಷನರಿಗಳು ಹಿರಿಯರ ಬಳಿ ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದದ್ದು, ದೇವರು ನಮ್ಮ ಪ್ರಾರ್ಥನೆಗೆ ಉತ್ತರ ಕೊಟ್ಟಿದ್ದಾನೆಂದು ತಿಳಿಯುವುದು ಹೇಗೆ ಎಂಬುದು. ಪ್ರಾರ್ಥನೆಯ ಕುರಿತು ಅವರು ತರಬೇತಿಯಲ್ಲಿ ಬಹಳಷ್ಟು ಕಲಿತಿರುತ್ತಾರೆ. ಆದರೆ ಜೂನ್ ತಿಂಗಳ ಮಳೆಯಲ್ಲಿ, ಕರೆಂಟು ಹೋದ ಬಾಡಿಗೆ ಮನೆಯಲ್ಲಿ, ಸುತ್ತಲಿನ ಕೊಂಕಣಿ ಮಾತು ಇನ್ನೂ ಅರ್ಥವಾಗದ ದಿನಗಳಲ್ಲಿ ಆ ಪಾಠಗಳು ದೂರದವೆನಿಸುತ್ತವೆ. ಸ್ಪಷ್ಟವಾಗಿ ಬೇಡಿಕೊಳ್ಳದ ಮತ್ತು ಬರೆದಿಡದ ಪ್ರಾರ್ಥನೆಗೆ ಬಂದ ಉತ್ತರ ಕಣ್ಣೆದುರಿಗಿದ್ದರೂ ನಮಗೆ ಗುರುತು ಸಿಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಬೇಕು.

ನೋಟ್‌ಬುಕ್ಕಿನ ಎಡ ಪುಟದಲ್ಲಿ ತಾರೀಖು ಮತ್ತು ಪ್ರಾರ್ಥನಾ ವಿಷಯವನ್ನು ಬರೆಯಬೇಕು. ಬಲ ಪುಟವನ್ನು ಖಾಲಿ ಬಿಡಬೇಕು. ಉತ್ತರವೆಂದು ತೋರಿದ್ದನ್ನು ಅದರ ತಾರೀಖಿನೊಂದಿಗೆ ಅಲ್ಲಿ ದಾಖಲಿಸಬೇಕು. ಇದು ಹೊಸ ಪದ್ಧತಿಯೇನಲ್ಲ. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯ ತೆರೆದ ಜಾರ್ಜ್ ಮುಲ್ಲರ್ ಅವರು ಯಾರನ್ನೂ ನೇರವಾಗಿ ಹಣ ಕೇಳದೆ ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಮಕ್ಕಳನ್ನು ಸಾಕಿದರೆಂಬುದನ್ನು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಅವರು ತಮ್ಮ ಬೇಡಿಕೆಗಳನ್ನೂ ಉತ್ತರಗಳನ್ನೂ ಬರೆದಿಡುತ್ತಿದ್ದರು, ಬಂದ ಕಾಣಿಕೆಗಳಿಗೆ ರಸೀದಿ ಕೊಡುತ್ತಿದ್ದರು, ವರ್ಷವರ್ಷವೂ ಲೆಕ್ಕವನ್ನು ಅಚ್ಚು ಹಾಕಿಸುತ್ತಿದ್ದರು ಎಂಬ ಸಂಗತಿಯನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಆ ವಿಶ್ವಾಸದಷ್ಟೇ ಆ ಶಿಸ್ತೂ ನಮಗೆ ಬೇಕಾಗಿದೆ.

ಬೇಡಿಕೆಯನ್ನು ಬರೆಯುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. “ಈ ಊರನ್ನು ಆಶೀರ್ವದಿಸು” ಎಂಬ ಪ್ರಾರ್ಥನೆ ಒಳ್ಳೆಯದೇ, ಆದರೆ ಅದರ ಉತ್ತರವನ್ನು ಯಾವ ದಿನ, ಯಾವ ಮನೆಯಲ್ಲಿ ಹುಡುಕುವುದು? ಬೈತಖೋಲ ಬಂದರಿನ ಸುತ್ತಲಿನ ಮೀನುಗಾರರ ಮನೆಗಳಿಗೆ ಹೋಗುವ ಸೇವಕನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಅನೇಕ ಮನೆಗಳಲ್ಲಿ ದುಡಿಮೆ ಇರುವುದಿಲ್ಲ. ಸೇವಕನು ತಾನಾಗಿಯೇ ಊಹಿಸಿಕೊಂಡು ಈ ಮನೆಗೆ ಸಮೃದ್ಧಿ ಕೊಡು ಎಂದು ಪ್ರಾರ್ಥಿಸಿ ಎದ್ದರೆ ಆ ಮನೆಯ ಕಷ್ಟ ಅವನಿಗೆ ತಿಳಿಯುವುದೇ ಇಲ್ಲ. ಅದರ ಬದಲು, “ಅಮ್ಮ, ಯಾವ ವಿಷಯಕ್ಕಾಗಿ ಪ್ರಾರ್ಥಿಸಲಿ?” ಎಂದು ಕೇಳಿ ಸುಮ್ಮನೆ ಕಾಯಬೇಕು. ಒಣಮೀನಿನ ಬುಟ್ಟಿಯ ಮುಂದೆ ಕುಳಿತು ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದ ತಾಯಿ ಕೈ ನಿಲ್ಲಿಸದೆಯೇ ಹೇಳಬಹುದು: “ಮೀನು ಆಗಸ್ಟಿಗೆ ಬಂದೇ ಬರ್ತದೆ ತಮಾ. ಮಗಳ ಕಾಲೇಜಿನ ಫೀಸು ಕಟ್ಟೋಕೆ ಹದಿನೈದನೇ ತಾರೀಖು ಕಡೇ ದಿನ. ಅದಕ್ಕೆ ಬೇಡಿಕೋ.” ಈಗ ಬರೆಯಲು ಒಂದು ಹೆಸರು, ಒಂದು ತಾರೀಖು, ಒಂದು ಅಗತ್ಯ ಸಿಕ್ಕಿತು. ಹದಿನೈದರ ಸಂಜೆ ಆ ಮನೆಗೆ ಮತ್ತೆ ಹೋಗಿ ವಿಚಾರಿಸುವ ಹೊಣೆಯೂ ಅದರೊಂದಿಗೇ ಬಂತು.

ಬೆಳಗಿನ ಪ್ರಾರ್ಥನೆಗೆ ಸಮಯ ನಿಗದಿಯಾಗಿರಲಿ. ಫೋನು ಬೇರೆ ಕೋಣೆಯಲ್ಲಿರಲಿ. ಜೊತೆಗಾರರಿದ್ದರೆ ಪುಸ್ತಕ ತೆರೆದು ಇಬ್ಬರೂ ಸೇರಿ ವಿಷಯಗಳನ್ನು ಓದಿಕೊಂಡು, ನಂತರ ಒಬ್ಬೊಬ್ಬರಾಗಿ ಪ್ರಾರ್ಥಿಸಬೇಕು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಆ ಹೊತ್ತಿಗಾಗಿ ಬೇಡುವಂತೆ, ನಮ್ಮ ಬೇಡಿಕೆಗಳಲ್ಲಿಯೂ ಅಂದಿನ ದಿನಕ್ಕೆ ಸೇರಿದವು ಕೆಲವಾದರೂ ಇರಬೇಕು: ದೇವಿಮನೆ ಘಟ್ಟದ ಪ್ರಯಾಣ, ಭೇಟಿಯಾಗಬೇಕಾದ ರೋಗಿ, ಜೊತೆಗಾರನೊಂದಿಗೆ ಉಳಿದ ಮನಸ್ತಾಪ.

ಪ್ರಾರ್ಥಿಸಿದ ಮೇಲೆ ನಮ್ಮ ಪಾಲಿನ ಕೆಲಸ ಆರಂಭವಾಗುತ್ತದೆ. ಹಸಿದವನಿಗೆ ಏನನ್ನೂ ಕೊಡದೆ ಸಮಾಧಾನದಿಂದ ಹೋಗು ಎಂದರೆ ಪ್ರಯೋಜನವೇನು ಎಂದು ಯಾಕೋಬನ ಪತ್ರಿಕೆ ನೇರವಾಗಿಯೇ ಕೇಳುತ್ತದೆ. ಸಿದ್ದಾಪುರದ ಕಾಡಂಚಿನ ಮನೆಗಳಿಗೆ ಬೇಸಿಗೆಯಲ್ಲಿ ಹೋಗುವವರು ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯಿಂದ ಕಾಪಾಡೆಂದು ಪ್ರಾರ್ಥಿಸುವುದರ ಜೊತೆಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮೈಮುಚ್ಚುವ ಬಟ್ಟೆ ತೊಡಬೇಕು, ಮರಳಿ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಇದನ್ನು ಅವಿಶ್ವಾಸವೆಂದು ಭಾವಿಸುವುದು ತಪ್ಪು. ಇದೇ ಮಾತು ರೋಗಿಗಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ನಮ್ಮ ಜಿಲ್ಲೆಯಿಂದ ದೊಡ್ಡ ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕಾದ ಪರಿಸ್ಥಿತಿ ಇರುವುದರಿಂದ, ರೋಗಿಯ ಹಾಸಿಗೆಯ ಬಳಿ ಪ್ರಾರ್ಥಿಸಿ ಎದ್ದವನು 108ಕ್ಕೆ ಕರೆ ಮಾಡಲು, ಕಾಗದಪತ್ರಗಳನ್ನು ಹುಡುಕಿ ಜೋಡಿಸಲು, ಬೇಕಾದರೆ ವಾಹನದಲ್ಲಿ ಜೊತೆಗೆ ಹೋಗಲು ಸಿದ್ಧನಿರಬೇಕು. ಔಷಧಿ ನಿಲ್ಲಿಸಿ ಎಂದು ಯಾವ ಕಾರಣಕ್ಕೂ, ಯಾರಿಗೂ ಹೇಳಬಾರದು.

ಭಾಷೆಗಾಗಿ ಮಾಡುವ ಪ್ರಾರ್ಥನೆಯೂ ಹೀಗೆಯೇ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರು ಈ ನಾಡಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಕೊಂಕಣಿ ಬರಲಿ ಎಂದು ಬೇಡಿಕೊಳ್ಳುವವರು ಅದೇ ದಿನ ಮೀನು ಮಾರುಕಟ್ಟೆಗೆ ಹೋಗಿ ನಾಲ್ಕು ಹೊಸ ಮಾತು ಕಲಿತು ಬರಬೇಕು.

ವಾರಕ್ಕೊಮ್ಮೆ, ಭಾನುವಾರ ಸಂಜೆ ಎಂದಿಟ್ಟುಕೊಳ್ಳಿ, ಬಲ ಪುಟಗಳನ್ನು ತುಂಬಬೇಕು. ಬೇಡಿದಂತೆ ಆದದ್ದನ್ನು ಬರೆಯುವುದು ಸುಲಭ. ಬೇಡಿದ್ದು ಆಗಲಿಲ್ಲ, ರೋಗಿ ತೀರಿಕೊಂಡರು, ಮನೆ ಬಾಗಿಲು ಮುಚ್ಚಿತು ಎಂಬುದನ್ನೂ ಅದೇ ಶಾಯಿಯಲ್ಲಿ, ಸಮಜಾಯಿಷಿ ಸೇರಿಸದೆ ಬರೆಯಬೇಕು. ಪೌಲನು ತನ್ನ ಶರೀರದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡರೂ ಅದು ತೊಲಗಲಿಲ್ಲ. ಕೃಪೆಯೇ ಸಾಕೆಂಬ ಮಾತು ಅವನಿಗೆ ಉತ್ತರವಾಗಿ ಬಂತು. ಗೆತ್ಸೇಮನೆ ತೋಟದಲ್ಲಿ ಯೇಸುವೇ ತಂದೆಯ ಚಿತ್ತಕ್ಕೆ ತನ್ನ ಬೇಡಿಕೆಯನ್ನು ಒಪ್ಪಿಸಿದನು. ಹೀಗಿರುವಾಗ, ಬೇಡಿದ್ದು ದೊರೆಯದ ಕುಟುಂಬಕ್ಕೆ “ನಿಮ್ಮ ವಿಶ್ವಾಸ ಸಾಲದಾಯಿತು” ಎನ್ನುವ ಅಧಿಕಾರ ನಮಗಿಲ್ಲ. ಅಂಥ ಮಾತು ದುಃಖದಲ್ಲಿರುವವರ ಮೇಲೆ ಎರಡನೆಯ ಹೊರೆ ಹೊರಿಸುತ್ತದೆ. ಆ ಮನೆಗೆ ಹೋಗಿ ಅವರೊಂದಿಗೆ ಕುಳಿತುಕೊಳ್ಳಬೇಕು, ಕೆಲಸವಿದ್ದರೆ ಕೈಜೋಡಿಸಬೇಕು. ಇನ್ನೂ ಏನೂ ಆಗಿರದ ವಿಷಯಗಳ ಮುಂದೆ “ಕಾಯುತ್ತಿದ್ದೇವೆ” ಎಂದು ಬರೆದು ಮುಂದಿನ ವಾರಕ್ಕೆ ಒಯ್ಯಬೇಕು.

ಸಾಕ್ಷಿ ಹೇಳುವಾಗ ಪುಸ್ತಕದಲ್ಲಿ ಬರೆದದ್ದಕ್ಕಿಂತ ಒಂದು ಮಾತೂ ಹೆಚ್ಚಾಗಬಾರದು. ಫೀಸು ಕಟ್ಟಲು ನೆರವಾದದ್ದು ಮಾವನಾಗಿದ್ದರೆ ಮಾವನ ಉಪಕಾರವನ್ನು ಹೇಳಿಯೇ ದೇವರಿಗೆ ಸ್ತೋತ್ರ ಸಲ್ಲಿಸಬೇಕು, ಮತ್ತು ಆ ಮನೆಯವರು ಒಪ್ಪಿದ ಮೇಲೆಯೇ ಸಭೆಯಲ್ಲಿ ಅದನ್ನು ಹೇಳಬೇಕು. ಅನ್ಯಧರ್ಮದವರ ಮನೆಯಲ್ಲಿ ಅವರು ಕೇಳಿಕೊಂಡರೆ ಮಾತ್ರ ಪ್ರಾರ್ಥಿಸಬೇಕು. ಪ್ರಾರ್ಥನೆಗೆ ಪ್ರತಿಯಾಗಿ ಏನನ್ನೂ ನಿರೀಕ್ಷಿಸಬಾರದು, ಗುಣವಾಗುತ್ತದೆಂದು ಭರವಸೆ ಕೊಡಬಾರದು. ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕಿನೊಂದಿಗೆ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯದ ಮಿತಿಗಳನ್ನೂ ಹಾಕಿದೆ. ಕಷ್ಟದಲ್ಲಿರುವ ಮನುಷ್ಯನ ಅಸಹಾಯಕತೆಯನ್ನು ಬಳಸಿಕೊಳ್ಳಬಾರದೆಂಬುದನ್ನು ನಾವು ಕಾನೂನಿಗಿಂತ ಮೊದಲು ಸುವಾರ್ತೆಯಿಂದಲೇ ಕಲಿಯಬೇಕಾಗಿದೆ.

ವರ್ಗಾವಣೆಯ ಕಾಲ ಬಂದಾಗ ಪುಸ್ತಕವನ್ನು ಇಡಿಯಾಗಿ ಮುಂದಿನವರ ಕೈಗೆ ಕೊಡಬೇಡಿ, ಏಕೆಂದರೆ ಅದರಲ್ಲಿ ಜನರು ನಿಮ್ಮೊಬ್ಬರನ್ನೇ ನಂಬಿ ಹೇಳಿದ ಸಂಗತಿಗಳಿರುತ್ತವೆ. “ಕಾಯುತ್ತಿದ್ದೇವೆ” ಎಂದು ಉಳಿದಿರುವ ವಿಷಯಗಳನ್ನು ಮಾತ್ರ, ಆಯಾ ಮನೆಯವರನ್ನು ಕೇಳಿ, ಬೇರೆ ಹಾಳೆಯಲ್ಲಿ ಬರೆದುಕೊಡಿ. ಹೊಸಬರನ್ನು ಆ ಮನೆಗಳಿಗೆ ಒಮ್ಮೆಯಾದರೂ ಜೊತೆಯಲ್ಲಿ ಕರೆದೊಯ್ದು ಪರಿಚಯಿಸಿದ ಮೇಲೆಯೇ ಊರು ಬಿಡಿ.