ತಿಂಗಳು ಕೇಳಿ ಪಾರ್ಕು ತೋರಿಸುವುದು

ಬಸವನಗುಡಿ ಕಡೆ ಮನೆ ಇದ್ದವರಿಗೆ ಒಂದು ಕೆಲಸ ತಾನಾಗಿಯೇ ಗಂಟು ಬೀಳುತ್ತದೆ: ಊರಿಂದ ಬಂದ ನೆಂಟರಿಗೆ ಲಾಲ್‌ಬಾಗ್ ತೋರಿಸುವುದು. ಗಾಜಿನ ಮನೆ, ಹೂವಿನ ಗಡಿಯಾರ, ಬಂಡೆ, ಕೆರೆ, ಅಲ್ಲಿಂದ ಆಟೊ ಹಿಡಿದು ಕಬ್ಬನ್ ಪಾರ್ಕ್, ಕೊನೆಗೆ ವಿಧಾನಸೌಧದ ಮುಂದೆ ಫೋಟೊ, ಇಷ್ಟನ್ನೂ ಒಂದೇ ದಿನಕ್ಕೆ ತುರುಕುವವರೇ ಹೆಚ್ಚು. ಸಂಜೆಗೆ ನೆನಪಿರುವುದು ಕಾಲುನೋವು ಮಾತ್ರ. ನಾನು ಹಾಗೆ ಮಾಡುವುದಿಲ್ಲ. ಯಾವ ತಿಂಗಳು ಬರುತ್ತೀರಿ ಅಂತ ಫೋನಿನಲ್ಲೇ ಕೇಳಿಕೊಂಡು, ಆಗ ಯಾವ ಮರ ಹೂ ಬಿಟ್ಟಿರುತ್ತದೋ ಆ ಕಡೆ ಕರೆದುಕೊಂಡು ಹೋಗುತ್ತೇನೆ. ಒಂದು ಬೆಳಗ್ಗೆಗೆ ಒಂದು ಮೂಲೆ, ಅಷ್ಟೇ.

ಈ ಊರಿನ ಮರಗಳನ್ನು ನೆಟ್ಟಿರುವುದೇ ಹಾಗೆ ನೋಡಲಿ ಎಂದು. 1908ರಲ್ಲಿ ಲಾಲ್‌ಬಾಗಿನ ಉಸ್ತುವಾರಿಗೆ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್, ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ರಸ್ತೆಗಳಿಗೂ ಪಾರ್ಕುಗಳಿಗೂ ಮರ ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಲಕ್ಷಗಟ್ಟಲೆ ಸಸಿ ನೆಡಿಸಿದರು. ಹಾಗಾಗಿ ನನ್ನ ಪಂಚಾಂಗ ಸುಲಭ. ಸಂಕ್ರಾಂತಿ ಕಳೆದ ಮೇಲೆ ಗುಲಾಬಿ ಬಣ್ಣದ ಟಬೂಬಿಯಾ, ಶಿವರಾತ್ರಿ ಆಸುಪಾಸಿಗೆ ಹಳದಿಯದು, ಜೊತೆಗೆ ಹೊಂಗೆಯ ಎಳೆ ಚಿಗುರು. ಮಾರ್ಚಿನಲ್ಲಿ ನೀಲಿ ಜಕರಂಡಾ. ಏಪ್ರಿಲ್, ಮೇ ಅಂದರೆ ಗುಲ್‌ಮೊಹರ್, ಕಾಪರ್‌ಪಾಡ್. ಚಳಿ ಶುರುವಾಗುವಾಗ ಬಂದವರಿಗೆ ಆಕಾಶಮಲ್ಲಿಗೆ. ಅದನ್ನು ಮಾತ್ರ ತಲೆ ಎತ್ತಿ ನೋಡುವುದಕ್ಕಿಂತ ಬೆಳಗ್ಗೆ ಬೇಗ ಹೋಗಿ ನೆಲದ ಮೇಲೆ ಬಿದ್ದಿರುವುದನ್ನು ಆರಿಸಿಕೊಂಡರೇ ಚೆಂದ. ಕಸ ಗುಡಿಸುವವರು ಬರುವ ಮೊದಲೇ ಹೋಗಬೇಕು.

ಲಾಲ್‌ಬಾಗ್ 240 ಎಕರೆ. ಶಿರಾದಲ್ಲಿದ್ದ ಮೊಗಲರ ತೋಟ ನೋಡಿ ಹೈದರಾಲಿ 1760ರಲ್ಲಿ ಶುರು ಮಾಡಿಸಿದಾಗ ಇಷ್ಟು ದೊಡ್ಡದಿರಲಿಲ್ಲ. ಇಷ್ಟಗಲದ ಜಾಗದಲ್ಲಿ ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಅವತ್ತಿನ ಕಥೆ ನಿಂತಿದೆ. ಕೆರೆ ಬೇಕಾದರೆ ವೆಸ್ಟ್ ಗೇಟು, ಹಸಿರು ಮೆಟ್ರೊದಲ್ಲಿ ಬಂದವರಿಗೂ ಅದೇ ಹತ್ತಿರ. ಬಂಡೆ ನೋಡಬೇಕಾದರೆ ಡಬಲ್ ರೋಡ್ ಗೇಟು. ತಿಂಡಿಗೆ ಎಂ.ಟಿ.ಆರ್. ಎಂದು ಹಟ ಹಿಡಿದವರಿದ್ದರೆ ಸುತ್ತಾಟ ಮೇನ್ ಗೇಟಿನ ಹತ್ತಿರ ಮುಗಿಯುವಂತೆ ನೋಡಿಕೊಳ್ಳುತ್ತೇನೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಬ್ಯಾಟರಿ ಗಾಡಿ ಇದೆ, ಸಂಕೋಚ ಬೇಡ.

ಬಂಡೆಯ ಮೇಲೆ ಹತ್ತಿದವರೆಲ್ಲ ನೇರ ಕೆಂಪೇಗೌಡ ಗೋಪುರಕ್ಕೆ ಹೋಗಿ ಮೊಬೈಲ್ ತೆಗೆಯುತ್ತಾರೆ. ನಾನು ಕಾಲ ಕೆಳಗೆ ನೋಡಿ ಅನ್ನುತ್ತೇನೆ. ಸುಮಾರು ಮುನ್ನೂರು ಕೋಟಿ ವರ್ಷದ ಕಲ್ಲು ಅದು. ಮಳೆ ಬಂದು ನಿಂತ ಮೇಲೆ ಹೋದರೆ ಬೂದು ಪಟ್ಟೆ, ಬಿಳಿ ಪಟ್ಟೆ ಒಂದರೊಳಗೊಂದು ಮಡಚಿಕೊಂಡು ಹರಿದಿರುವುದು ಎದ್ದು ಕಾಣುತ್ತದೆ, ಅಲ್ಲಲ್ಲಿ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಬಿಸಿಲು ಏರಿದ ಮೇಲೆ ಮಾತ್ರ ಬೇಡ, ಕಲ್ಲು ಕಾದು ಕೂರಲೂ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಜನ ನಿಲ್ಲುವುದು ನಾಗಲಿಂಗ ಪುಷ್ಪದ ಮರದ ಬಳಿ. ಹೂ ಬಿಡುವುದು ರೆಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ನೇತುಬಿದ್ದ ಹುರಿಯಂಥ ಕಡ್ಡಿಗಳಲ್ಲಿ. ಬಿದ್ದ ಹೂವೊಂದನ್ನು ಅಂಗೈಲಿಟ್ಟು, ಮೇಲೆ ಬಾಗಿರುವ ಹೆಡೆಯನ್ನು ಬೆರಳಿಂದ ಮೆಲ್ಲಗೆ ಎತ್ತಬೇಕು. ಹೆಡೆಯ ಒಳಗೆಲ್ಲ ಕೇಸರ, ಅದರ ಕೆಳಗೆ ಪುಟಾಣಿ ಲಿಂಗ. ತಿಪಟೂರಿನ ನಮ್ಮ ಚಿಕ್ಕಮ್ಮ ಕಣ್ಣಿಗೊತ್ತಿಕೊಂಡರು.

“ಇದು ದಕ್ಷಿಣ ಅಮೆರಿಕದ ಮರ ಚಿಕ್ಕಮ್ಮ” ಅಂದೆ.

“ಆದ್ರೇನೇ, ಶಿವ ಅಲ್ಲಿರಲ್ವಾ?”

ಟಬೂಬಿಯಾ, ಜಕರಂಡಾ ಕೂಡ ಅಮೆರಿಕ ಕಡೆಯವೇ, ಗುಲ್‌ಮೊಹರ್ ಮಡಗಾಸ್ಕರ್‌ನದು ಅನ್ನುವ ನನ್ನ ಪಾಠ ಅಲ್ಲಿಗೇ ನಿಂತಿತು. ಅಂದಹಾಗೆ ನಾಗಲಿಂಗದ ಕಾಯಿ ಫಿರಂಗಿ ಗುಂಡಿನಷ್ಟಿರುತ್ತದೆ. ಅದರ ಕೆಳಗೆ ನಿಂತು ಸೆಲ್ಫಿ ಬೇಡ.

ಜನವರಿ, ಆಗಸ್ಟಿನ ಫ್ಲವರ್ ಶೋ ಬಗ್ಗೆ ನನ್ನ ಅಭಿಪ್ರಾಯ ಮನೆಯಲ್ಲಿ ಯಾರಿಗೂ ಹಿಡಿಸುವುದಿಲ್ಲ. ಆ ದಿನಗಳಲ್ಲಿ ಹೂವಿಗಿಂತ ಮುಂದಿನವರ ಬೆನ್ನು ನೋಡುವುದೇ ಜಾಸ್ತಿ. ಅತ್ತೆಗೆ ಅದು ಬೇಕೇ ಬೇಕು, ಹಾಗಾಗಿ ರಜೆಯಿಲ್ಲದ ದಿನ ಹುಡುಕಿ, ಬೆಳಗ್ಗೆ ಕೌಂಟರ್ ತೆರೆಯುತ್ತಿದ್ದ ಹಾಗೇ ಹೋಗಿ ಬರುತ್ತೇವೆ. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯನ್ನು ಬೇರೆ ದಿನ ಖಾಲಿಯಾಗಿ ನೋಡಬೇಕು. ಕಬ್ಬಿಣದ ಕಮಾನುಗಳ ಕುಸುರಿ ಆಗ ಕಾಣುತ್ತದೆ.

ಕಬ್ಬನ್ ಪಾರ್ಕಿಗೆ ಭಾನುವಾರವೇ ಸರಿ, ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರ್ ಮಾಡಿಸಿದ ಪಾರ್ಕು. ದಾಖಲೆಯಲ್ಲಿ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ, ಆದರೆ ಆಟೊದವರಿಗೆ ಹಾಗಂದರೆ ನಮ್ಮ ಮುಖ ನೋಡುತ್ತಾರೆ. ಅಲ್ಲಿ ಸುತ್ತುವುದಕ್ಕಿಂತ ಕೂರುವುದು ಮೇಲು. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಲೈಬ್ರರಿಯ ಆಸುಪಾಸಿನಲ್ಲಿ ನೆರಳು ಹುಡುಕಿ ಕೂತರೆ ಮಧ್ಯಾಹ್ನದವರೆಗೆ ಯಾರೂ ಏಳುವುದಿಲ್ಲ. ಮಕ್ಕಳಿದ್ದರೆ ಬಾಲಭವನದ ಪುಟಾಣಿ ರೈಲು ತಪ್ಪುವುದಿಲ್ಲ.

ಹೊತ್ತು ಕಡಿಮೆ ಇದ್ದವರಿಗೆ ನಮ್ಮ ಕಹಳೆ ಬಂಡೆ ಪಾರ್ಕೇ ಸಾಕು. ಪಕ್ಕದಲ್ಲೇ ದೊಡ್ಡ ಗಣಪತಿ, ದೊಡ್ಡ ಬಸವಣ್ಣ. ಕಾರ್ತಿಕದ ಕೊನೇ ಸೋಮವಾರ ಬಂದರೆ ಕಡಲೆಕಾಯಿ ಪರಿಷೆಯೂ ಸಿಗುತ್ತದೆ, ಪಾರ್ಕು ಆಮೇಲೆ ನೋಡಿದರಾಯಿತು.

ನಂದಿ ಬೆಟ್ಟ, ಬನ್ನೇರುಘಟ್ಟ ಅಂತ ಕೇಳುವವರೂ ಇದ್ದಾರೆ. ಅದಕ್ಕೆ ಗಾಡಿ ಬೇಕು, ಇಡೀ ದಿನ ಬೇಕು. ಅದು ನಮ್ಮ ಯಜಮಾನರ ಇಲಾಖೆ.